ನಾಯಿಯ ಕಲ್ಲಿನ ಮುಂದೆ ಕ್ಯಾಮೆರಾ ಇಡಿ: ಬೆಂಗಳೂರು ದೂರದರ್ಶನ ಕೇಂದ್ರಕ್ಕೊಂದು ಬಹಿರಂಗ ಪತ್ರ

ಬೆಂಗಳೂರು ದೂರದರ್ಶನ ಕೇಂದ್ರದ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಪಠ್ಯಪುಸ್ತಕದೊಳಗೆ ಬಾರದ, ಬಂದರೂ ಒಂದು ಸಾಲಿನಲ್ಲಿ ಮುಗಿದುಹೋಗುವ ನಮ್ಮ ಚರಿತ್ರೆಯ ಸಂಗತಿಗಳನ್ನು ಹಿಡಿದು ಚಂದನ ವಾಹಿನಿಯಲ್ಲಿ ಒಂದು ಸರಣಿಯನ್ನು ಆರಂಭಿಸಬೇಕೆಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಮನವಿಯನ್ನು ಅಂಚೆಗೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಇಂಥ ಸರಣಿ ಬೇಕೆಂಬುದಕ್ಕಿಂತ ಅದು ಹೇಗಿರಬೇಕೆಂಬುದೇ ನನಗೆ ಮುಖ್ಯವಾಗಿರುವುದರಿಂದ, ಅದನ್ನು ನೋಡಬೇಕಾದವರ ಕಣ್ಣಿಗೂ ಬೀಳಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ.

ಮೊದಲು ನನ್ನದೇ ಒಂದು ಪೆಟ್ಟಿನ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಖಾಸಗಿ ವಾಹಿನಿಯೊಂದರವರು ನಮ್ಮೂರಿಗೆ ಬಂದಿದ್ದರು. ನಮ್ಮ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಕೆಳಗಿನ ಹಂತದಲ್ಲಿ ದನಗಳ ಸಾಲು ಮತ್ತು ಕಾದಾಟ, ನಡುವೆ ಸತ್ತ ವೀರನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ತುರುಗೊಳ್ ಎಂದರೇನು, ಊರಿನ ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವನಿಗೆ ಊರು ಏಕೆ ಕಲ್ಲು ನಿಲ್ಲಿಸುತ್ತಿತ್ತು ಎಂದೆಲ್ಲ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಹೇಳಿದೆ. ಮಾತಿನ ನಡುವೆ, ಇಂಥ ಕಲ್ಲಿನ ಬುಡದಲ್ಲಿ ನಿಧಿ ಇರುತ್ತದೆಂದು ಜನ ಹೇಳುತ್ತಾರೆ, ಅದು ಶುದ್ಧ ಸುಳ್ಳು, ದಯವಿಟ್ಟು ಯಾರೂ ಅಗೆಯಬೇಡಿ ಎಂದೂ ಹೇಳಿದ್ದೆ. ಪ್ರಸಾರವಾದದ್ದು ನಾಲ್ಕು ನಿಮಿಷ. ಅದರಲ್ಲಿ ನನ್ನ ವಾಕ್ಯದ ಮೊದಲರ್ಧ ಮಾತ್ರ ಉಳಿದಿತ್ತು. ಅದರ ಬೆನ್ನಿಗೆ ಢಮಾರೆಂಬ ಸಂಗೀತ, ಪರದೆಯ ತುಂಬ ಕೆಂಪು ಪ್ರಶ್ನಾರ್ಥಕ ಚಿಹ್ನೆ. ತಿಂಗಳು ತುಂಬುವುದರೊಳಗೆ ಯಾರೋ ರಾತ್ರಿ ಬಂದು ಕಲ್ಲಿನ ಬುಡವನ್ನು ಎದೆಮಟ್ಟಕ್ಕೆ ಅಗೆದು ಹೋದರು. ಕಲ್ಲು ಈಗ ಕೆರೆಯ ಕಡೆಗೆ ವಾಲಿಕೊಂಡಿದೆ.

ಆ ಕಾರ್ಯಕ್ರಮದ ಹೆಸರಿನಲ್ಲಿ ‘ಮುಚ್ಚಿಟ್ಟ’ ಎಂಬ ಪದವಿತ್ತು. ನನ್ನ ತಕರಾರು ಮುಖ್ಯವಾಗಿ ಈ ಪದದ ಮೇಲೆಯೇ. ಜನಕ್ಕೆ ಗೊತ್ತಿಲ್ಲದ ಚರಿತ್ರೆಯನ್ನೆಲ್ಲ ಯಾರೋ ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂದು ಹೇಳಿದರೆ ನೋಡುವವರ ಸಂಖ್ಯೆ ಹೆಚ್ಚಬಹುದು, ಆದರೆ ಅದು ನಿಜವಲ್ಲ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯ ಹಳ್ಳಿಹಳ್ಳಿಗಳ ಶಾಸನಗಳನ್ನು ಓದಿಸಿ, 1886ರಿಂದ ಸುಮಾರು ಎರಡು ದಶಕಗಳ ಅವಧಿಯಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. ಮೈಸೂರು ವಿಶ್ವವಿದ್ಯಾಲಯ ಅವುಗಳ ಪರಿಷ್ಕೃತ ಮುದ್ರಣವನ್ನೂ ಹೊರತಂದಿದೆ. ಮುಚ್ಚಿಟ್ಟವರು ಯಾರೂ ಇಲ್ಲ. ತೆರೆದಿಟ್ಟದ್ದನ್ನು ನಾವು ಓದಲಿಲ್ಲ, ಅಷ್ಟೆ. ನಾನೂ ಆ ಸಂಪುಟಗಳಲ್ಲಿ ನಮ್ಮೂರಿನ ಹೆಸರನ್ನು ಹುಡುಕಿದ್ದು ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾದ ಮೇಲೆ.

ನಾನು ಬೇಡುತ್ತಿರುವ ಸರಣಿಯ ಮೊದಲ ಕಂತು ಯಾವುದಾಗಬೇಕೆಂದು ಕೇಳಿದರೆ ನನ್ನ ಬಳಿ ಉತ್ತರ ಸಿದ್ಧವಾಗಿದೆ. ಅದಕ್ಕಾಗಿ ನಿಮ್ಮ ತಂಡ ಬೆಂಗಳೂರು ಬಿಟ್ಟು ಹೊರಡಬೇಕಾಗಿಯೂ ಇಲ್ಲ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದಿರಿಸಿದ ಕಲ್ಲೊಂದಿದೆ. ಅದರ ಮೇಲೆ ನಾಯಿಯೊಂದು ದೊಡ್ಡ ಹಂದಿಯ ಮೇಲೆ ಬಿದ್ದಿರುವ ಚಿತ್ರವಿದೆ, ಚಿತ್ರದ ಸುತ್ತ ಹತ್ತನೆಯ ಶತಮಾನದ ಕನ್ನಡ ಅಕ್ಷರಗಳಿವೆ. ಕ್ರಿ.ಶ. 949ರಲ್ಲಿ ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಪಕ್ಕದಲ್ಲಿ ಕಾದಿದವನು ಮಣಲೆರ. ಮೆಚ್ಚಿದ ಬೂತುಗ ಏನು ಬೇಕೋ ಕೇಳು ಎಂದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ದಕ್ಷಿಣ ಭಾರತದ ನಕಾಶೆಯನ್ನೇ ಅಲುಗಿಸಿದ ಯುದ್ಧ ಮುಗಿದಿದೆ, ರಾಜ ವರ ಕೊಡಲು ನಿಂತಿದ್ದಾನೆ, ಇವನಿಗೆ ನಾಯಿ ಬೇಕು! ಆಮೇಲೆ ಬೆಳತೂರಿನ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ನಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವನು, ಎಂದರೆ ಗುಡಿಯ ಶೈವ ಪೂಜಾರಿ, ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುತ್ತದೆ ಎಂಬ ಶಾಪವನ್ನೂ ಬರೆಸಿದರು. ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಎಂದು ಶಾಸನಗಳಲ್ಲಿ ನೂರಾರು ಕಡೆ ಓದಿದ್ದೇನೆ. ನಾಯಿಯ ಪಾಪವನ್ನು ಕಂಡದ್ದು ಇದೊಂದರಲ್ಲೇ.

ಇಷ್ಟನ್ನು ಹೇಳಿ ಕಂತು ಮುಗಿಸಿದರೂ ಚೆನ್ನಾಗಿಯೇ ಇರುತ್ತದೆ. ಆದರೆ ನಿಜವಾದ ರುಚಿ ಇನ್ನೂ ಒಳಗಿದೆ. ರಾಜಾದಿತ್ಯನನ್ನು ಬೂತುಗ ಕೊಂದ ಬಗೆಯನ್ನು ಹೇಳುವ ಮಾತಿನಲ್ಲಿ ಬರುವ ಒಂದು ಪದವನ್ನು ಮೊದಲು ‘ಕಳ್ಳನಾಗಿ’ ಎಂದು ಓದಿದ್ದರು. ಹಾಗೆ ಓದಿದರೆ ಬೂತುಗ ಮೋಸದಿಂದ ಇರಿದ ಕೊಲೆಗಾರ. ಅನಂತರದ ವಿದ್ವಾಂಸರು ಅದನ್ನು ‘ಬಿಸುಗೆಯೇ ಕಳನಾಗಿ’ ಎಂದು ಓದಿದರು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ, ಕಳ ಎಂದರೆ ರಣರಂಗ. ಈಗ ಬೂತುಗ ಆನೆಯ ಮೇಲೇರಿ ಅಂಬಾರಿಯನ್ನೇ ಯುದ್ಧಭೂಮಿ ಮಾಡಿಕೊಂಡು ಕಾದಿದ ವೀರ. ಒಂದು ಒತ್ತಕ್ಷರ ಹೋದದ್ದಕ್ಕೆ ಸಾವಿರ ವರ್ಷದ ಹಿಂದಿನ ಮನುಷ್ಯನೊಬ್ಬ ಆರೋಪದಿಂದ ಪಾರಾದ. ತಮಿಳು ಶಾಸನಗಳು ರಾಜಾದಿತ್ಯನನ್ನು ‘ಆನೆಯ ಮೇಲೆ ಮಡಿದ ದೇವ’ ಎಂದು ಕರೆಯುತ್ತವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡನೆಯ ಓದಿಗೆ ಎದುರಾಳಿಯ ಕಡೆಯಿಂದಲೇ ಸಾಕ್ಷಿ ಸಿಗುತ್ತದೆ. ನಿಮ್ಮ ಕ್ಯಾಮೆರಾ ಆ ಪದದ ಮೇಲೆ ಹತ್ತು ಸೆಕೆಂಡು ನಿಲ್ಲಲಿ, ಒಬ್ಬರು ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಲಿ ಎಂದು ನಾನು ಕೇಳುತ್ತಿರುವುದು ಇದಕ್ಕಾಗಿಯೇ. ಏನು ನಡೆಯಿತು ಎಂಬುದರಷ್ಟೇ, ಅದು ನಮಗೆ ಹೇಗೆ ಗೊತ್ತಾಯಿತು ಎಂಬುದೂ ಕಥೆಯಾಗಬೇಕು. ಕುದುರೆಗಳ ಓಟ, ಖಣಖಣ ಕತ್ತಿ, ಬಾಡಿಗೆ ಕಿರೀಟ ಇವುಗಳಿಗೆ ಹೋಗುವ ಹಣದ ಅರ್ಧದಷ್ಟೂ ಇದಕ್ಕೆ ಬೇಡ.

ಎರಡನೆಯ ಕಂತಿಗೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಬಹುದು. ಅಲ್ಲಿನ ಅಶೋಕನ ಶಾಸನವನ್ನು ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ್ದು ಅನೇಕರಿಗೆ ಗೊತ್ತು. ಅದರ ಕೊನೆಯಲ್ಲಿ ಬರೆದವನ ಸಹಿ ಇರುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಅವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದು, ಲಿಪಿಕಾರನಾದ ತಾನು ಬರೆದೆ ಎನ್ನುವಲ್ಲಿ ಆ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಎಂದರೆ ಬಲದಿಂದ ಎಡಕ್ಕೆ ಬರೆಯುವ, ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿಯಲ್ಲಿ ಕೆತ್ತಿದ್ದಾನೆ. ಊರಿನಲ್ಲಿ ಅದನ್ನು ಓದಬಲ್ಲವರು ಇದ್ದಿರಲಾರರು. ಆದರೂ ಬರೆದ. ಪರಸ್ಥಳದಲ್ಲಿ ಕೆಲಸಕ್ಕಿರುವ ಗುಮಾಸ್ತನೊಬ್ಬ ಕಡತದ ಮೂಲೆಯಲ್ಲಿ ತನ್ನ ಊರಿನ ಅಕ್ಷರದಲ್ಲಿ ಸಹಿ ಹಾಕಿದಂತೆ ನನಗೆ ಅದು ಕಾಣುತ್ತದೆ. ಇದು ನನ್ನ ಕಲ್ಪನೆ, ಪುರಾವೆ ಅಲ್ಲ ಎಂಬುದನ್ನೂ ನಿರೂಪಕರು ಹೀಗೆಯೇ ಬಾಯಿಬಿಟ್ಟು ಹೇಳಬೇಕು. ಅದೇ ಕಂತಿನಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯನ್ನೂ ಸೇರಿಸಿಕೊಳ್ಳಬಹುದು. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಆಗ ತಿಳಿಯಿತು. ಪಕ್ಕದ ಕನಗನಹಳ್ಳಿಯಲ್ಲಿ ಮುಂದೆ ನಡೆದ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೇ ಸಿಕ್ಕಿತು.

ಕಲ್ಲನ್ನು ಬಿಟ್ಟು ಕಾಗದಕ್ಕೆ ಬಂದರೆ ನನಗೆ ತುಂಬ ಇಷ್ಟವಾದ ಕಥೆ ಮಂಗಳೂರಿನದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಹದಿನೇಳು ವರ್ಷಗಳಷ್ಟು ಕಾಲ ಮಲಬಾರಿನ ಕರಾವಳಿಯಲ್ಲಿ, ಬಹುಪಾಲು ಮಂಗಳೂರಿನಲ್ಲಿ ನೆಲೆಸಿದ್ದ. ಮೆಣಸು, ಅಡಿಕೆಯಂಥ ಸರಕಿನ ವ್ಯಾಪಾರ, ಜೊತೆಗೆ ಒಂದು ಕಂಚಿನ ಕಾರ್ಖಾನೆ. ಅಶು ಎಂಬ ಇಲ್ಲಿನ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿ ಅವಳೊಡನೆ ಸಂಸಾರ ಮಾಡಿದ. ಅವನ ಸರಕನ್ನು ಏಡನ್‌ವರೆಗೆ ಕೊಂಡೊಯ್ದು ಲೆಕ್ಕ ಒಪ್ಪಿಸಿ ಬರುತ್ತಿದ್ದ ಆಳು ಬೊಮ್ಮ. ಇದೆಲ್ಲ ನಮಗೆ ತಿಳಿದದ್ದು ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಉಗ್ರಾಣದಲ್ಲಿ ಶತಮಾನಗಳಿಂದ ಬಿದ್ದಿದ್ದ ಕಾಗದದ ರಾಶಿಯಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದೆಂಬ ನಂಬಿಕೆ ಅಂಗಡಿಯ ಲೆಕ್ಕವನ್ನೂ ಕಾಪಾಡಿತು. ಏಡನ್ನಿನ ಗೆಳೆಯರು ಅವನಿಗೆ ಕಳಿಸುತ್ತಿದ್ದ ಉಡುಗೊರೆಗಳ ಪಟ್ಟಿಯಲ್ಲಿ ಒಣದ್ರಾಕ್ಷಿ, ಸಕ್ಕರೆಯ ಜೊತೆಗೆ ಬಿಳಿ ಕಾಗದವೂ ಇದೆ. ಓಲೆಗರಿಯ ಮೇಲೆ ಬರೆಯುವ ನಾಡಿನಲ್ಲಿದ್ದವನಿಗೆ ಕಾಗದವೇ ಉಡುಗೊರೆ! ನಮ್ಮ ಚರಿತ್ರೆಯ ಪಾಠಗಳಲ್ಲಿ ರಾಜರು ಬರುತ್ತಾರೆ, ಕವಿಗಳು ಬರುತ್ತಾರೆ; ಲೆಕ್ಕ ಒಪ್ಪಿಸಿ ಬರುವ ಬೊಮ್ಮ ಬರುವುದು ಇಂಥ ಆಕಸ್ಮಿಕಗಳಿಂದ ಮಾತ್ರ.

ಇನ್ನು ವಿವಾದದಲ್ಲಿರುವ ಸಂಗತಿಗಳ ವಿಷಯ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಸುಮಾರು ಎರಡನೆಯ ಶತಮಾನದ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ತರುಣಿಯನ್ನು ಅವಳ ಕಡೆಯವರು ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ರಾಜನ ಕಡೆಯವರು ಆಡುವ, ಗ್ರೀಕ್ ಅಲ್ಲದ ಮಾತುಗಳು ಕನ್ನಡವೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಸ್‌ ಅವರು ಸೂಚಿಸಿದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಾಶಾಸ್ತ್ರಿಗಳೂ ಆ ವಾದವನ್ನು ಬೆಂಬಲಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಅದು ಕೇವಲ ನಗಿಸಲು ಬರೆದ ಅರ್ಥವಿಲ್ಲದ ಧ್ವನಿಗಳಿರಬಹುದು ಎನ್ನುವವರೂ ಇದ್ದಾರೆ. ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕರು ಕನ್ನಡದಲ್ಲಿ ನಾಟಕವಾಡಿದರು ಎಂದು ಎದೆತಟ್ಟಿ ಹೇಳುವ ಕಾರ್ಯಕ್ರಮವೂ ಬೇಡ, ಇದೆಲ್ಲ ಬುರುಡೆ ಎಂದು ತಳ್ಳಿಹಾಕುವ ಕಾರ್ಯಕ್ರಮವೂ ಬೇಡ. ಇಬ್ಬರು ಬಲ್ಲವರನ್ನು ಎದುರುಬದುರು ಕೂರಿಸಿ, ಆ ಸಾಲುಗಳನ್ನು ಮುಂದಿಟ್ಟು ಓದಿಸಿ. ವಾದ ತೀರ್ಮಾನವಾಗದೆ ಕಂತು ಮುಗಿದರೆ ನೋಡುಗರು ಟಿವಿ ಆರಿಸಿ ಹೋಗುತ್ತಾರೆಂಬ ಭಯ ಬೇಡ. ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರು ತಲೆಯೆತ್ತುತ್ತಿದ್ದುದು ‘ಇದು ಇನ್ನೂ ಯಾರಿಗೂ ಇತ್ಯರ್ಥವಾಗಿಲ್ಲ’ ಎಂದಾಗಲೇ.

ಇತ್ಯರ್ಥವಾದದ್ದನ್ನು ಮಾತ್ರ ಇತ್ಯರ್ಥವಾದಂತೆಯೇ ಹೇಳಬೇಕು. ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಬೆಂದಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತೆಂಬ ಕಥೆಯನ್ನು ಇವತ್ತಿಗೂ ವಾಹಿನಿಗಳು ಚರಿತ್ರೆಯೆಂದೇ ಹೇಳುತ್ತವೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಕಥೆ ಚೆಂದವಿದೆ, ಕಥೆಯೆಂದೇ ಹೇಳಿ.

ನಾಟಕೀಯ ದೃಶ್ಯಗಳನ್ನು ಸೇರಿಸಲೇಬೇಕೆಂದು ನಿರ್ದೇಶಕರು ಹಟ ಹಿಡಿದರೆ ಒಂದು ಸಣ್ಣ ಮನವಿ. ಒಮ್ಮೆ ಧಾರಾವಾಹಿಯೊಂದರಲ್ಲಿ ಹೊಯ್ಸಳ ರಾಣಿಯ ಅಡುಗೆಮನೆಯ ಗೋಡೆಗೆ ಒಣಮೆಣಸಿನಕಾಯಿಯ ಸರ ತೂಗುಬಿಟ್ಟಿದ್ದನ್ನು ಕಂಡೆ. ಮೆಣಸಿನಕಾಯಿ ಈ ನೆಲಕ್ಕೆ ಬಂದದ್ದು ಪೋರ್ಚುಗೀಸರ ಹಡಗುಗಳು ಬಂದ ಮೇಲೆ, ಹೊಯ್ಸಳರು ಅಳಿದು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ನಮ್ಮ ಭಾಷೆಯೇ ಆ ಗುಟ್ಟನ್ನು ಇಟ್ಟುಕೊಂಡಿದೆ. ಖಾರಕ್ಕೆ ನಮ್ಮಲ್ಲಿದ್ದದ್ದು ಮೆಣಸು. ಹೊಸದಾಗಿ ಬಂದದ್ದು ಅದರ ಕೆಲಸವನ್ನೇ ಮಾಡುವ ಕಾಯಿ, ಆದ್ದರಿಂದ ಮೆಣಸಿನಕಾಯಿ. ಇದೊಂದನ್ನೇ ಇಟ್ಟುಕೊಂಡು ಅರ್ಧ ಗಂಟೆಯ ಕಂತು ಮಾಡಬಹುದು; ನನ್ನ ಹೆಂಡತಿ ಅದಕ್ಕೆ ಮೆಣಸುಸಾರು ಮಾಡಿ ತೋರಿಸಲೂ ಸಿದ್ಧಳಿದ್ದಾಳೆ.

ಸರಣಿ ಇಂದಿನ ರಾಜ್ಯದ ಗಡಿಯೊಳಗೇ ನಿಲ್ಲಬೇಕಾಗಿಲ್ಲ. ಮೂರನೆಯ ಕೃಷ್ಣನ ಕನ್ನಡ ಶಾಸನವೊಂದು ಮಧ್ಯಪ್ರದೇಶದ ಜೂರಾದಲ್ಲಿದೆ. ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಬರೆಸಿದ್ದಾನೆ. ಪಂಪನ ಮನೆತನದ ಬಗ್ಗೆ ನಮಗೆ ತಿಳಿದದ್ದರಲ್ಲಿ ಒಂದು ಪಾಲು ಆ ಬಂಡೆಯಿಂದ ಬಂದದ್ದು. ತೆಲುಗಿನವರಿಗೆ ಅದು ತಮ್ಮ ಅತಿ ಹಳೆಯ ಕಂದಪದ್ಯಗಳ ಬಂಡೆ. ಭಾಷೆಯ ಹೆಸರಿನಲ್ಲಿ ಎರಡು ಕಡೆಯವರೂ ಜಗಳಕ್ಕೆ ನಿಲ್ಲುವ ಈ ದಿನಗಳಲ್ಲಿ ಆ ಬಂಡೆಯ ಮುಂದೆ ಹೈದರಾಬಾದ್ ಕೇಂದ್ರದವರೊಡನೆ ಕೂಡಿ ನೀವು ಒಂದು ಕಂತು ಮಾಡಿದರೆ ಎಷ್ಟು ಚೆನ್ನ.

ಹಳೆಯ ಸಂಪುಟಗಳಲ್ಲಿ ಇರುವುದಿಷ್ಟೇ, ಒಂದು ದಿನ ಸರಕು ಮುಗಿದುಹೋಗುತ್ತದೆ ಎಂಬ ಆತಂಕವೂ ಬೇಡ. ಕೃಷ್ಣದೇವರಾಯ ಸತ್ತ ದಿನ ಯಾವುದೆಂದು ಖಚಿತವಾಗಿ ಹೇಳುವ ಶಾಸನ ತುಮಕೂರು ಬಳಿಯ ಹೊನ್ನೇನಹಳ್ಳಿಯಲ್ಲಿದೆ ಎಂಬ ಸುದ್ದಿ ಬಂದದ್ದು 2022ರಲ್ಲಿ. 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣದ ದಿನ. ಶಾಸನಗಳು ರಾಜರ ಪಟ್ಟಾಭಿಷೇಕವನ್ನು ಹೇಳುತ್ತವೆ, ಸಾವನ್ನು ಹೀಗೆ ದಿನ ಸಮೇತ ಹೇಳುವುದು ತೀರ ಅಪರೂಪ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ತೋಡುವಾಗ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಇಂಥ ಕಲ್ಲು ಸಿಕ್ಕಿದಾಗ ಏನೇನು ಮಾಡುತ್ತಾರೆಂಬುದನ್ನು ಒಮ್ಮೆ ಪೂರ್ತಿಯಾಗಿ ತೋರಿಸಿ: ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಬಡಿದು ಅಕ್ಷರದ ಗುಂಡಿಗಳಿಗೆ ಇಳಿಸಿ, ಮಸಿಯ ಉಂಡೆಯನ್ನು ಮೃದುವಾಗಿ ತಟ್ಟುತ್ತ ಹೋದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದುಬರುತ್ತವೆ. ನಾನು ನೋಡಿದ ಯಾವ ಗ್ರಾಫಿಕ್ಸೂ ಅದಕ್ಕೆ ಸಮನಲ್ಲ. ಪಡಿಯಚ್ಚು ತೆಗೆಯುವ ಈ ಕೆಲಸ ಬಲ್ಲವರು ಮೈಸೂರಿನಲ್ಲಿರುವ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ಶಾಖೆಯಲ್ಲಿ ಇದ್ದಾರೆ.

ಇದನ್ನು ದೂರದರ್ಶನವನ್ನೇ ಏಕೆ ಕೇಳುತ್ತಿದ್ದೇನೆಂದರೆ, ಪುಸ್ತಕವನ್ನೇ ಬಹುಮಾನವಾಗಿ ಕೊಡುವ ರಸಪ್ರಶ್ನೆ ಕಾರ್ಯಕ್ರಮವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದ ವಾಹಿನಿ ನಿಮ್ಮದು. ನಿಮಗೆ ಅವಸರ ಕಡಿಮೆ. ಕೆಲವರು ಅದನ್ನು ದೋಷವೆನ್ನುತ್ತಾರೆ, ಈ ಕೆಲಸಕ್ಕೆ ಅದೇ ಅರ್ಹತೆ. ಕಂತು ಇಪ್ಪತ್ತೈದು ನಿಮಿಷ ಮೀರದಿರಲಿ. ಶಾಸನದ ಸಾಲನ್ನು ಮೊದಲು ಹಳಗನ್ನಡದಲ್ಲಿ ಗಟ್ಟಿಯಾಗಿ ಓದಿ ಆಮೇಲೆ ಇಂದಿನ ಮಾತಿನಲ್ಲಿ ಹೇಳಲಿ. ಆ ಊರಿನ ಒಬ್ಬರಾದರೂ, ಕಲ್ಲಿಗೆ ದೀಪ ಹಚ್ಚುವ ಅಜ್ಜಿಯೋ ದನ ಕಾಯುವ ಹುಡುಗನೋ, ಮಾತಾಡಲಿ. ಪ್ರಸಾರದ ನಂತರ ಕಂತುಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡಿ, ಶಾಲೆಗಳಲ್ಲಿ ತೋರಿಸುವ ಮೇಷ್ಟ್ರುಗಳಿಗೆ ಅನುಮತಿಯ ತೊಡಕು ಬೇಡ. ತಪ್ಪು ಹೇಳಿದ್ದರೆ ಮುಂದಿನ ಕಂತಿನ ಮೊದಲ ನಿಮಿಷದಲ್ಲಿ ತಿದ್ದಿ ಹೇಳಿ. ಕಲ್ಲಿನ ಬುಡದಲ್ಲಿ ನಿಧಿಯಿಲ್ಲ ಎಂಬ ವಾಕ್ಯ ಮಾತ್ರ ಪ್ರತಿ ಕಂತಿನಲ್ಲೂ ಪೂರ್ತಿಯಾಗಿ ಪ್ರಸಾರವಾಗಲಿ.

ನಮ್ಮೂರಿಗೂ ಬರುವ ಮನಸ್ಸಾದರೆ ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸಲು ಪಂಚಾಯಿತಿಯವರು ಒಪ್ಪಿದ್ದಾರೆ. ಇಲಾಖೆಯ ಅನುಮತಿಗಾಗಿ ಕಾಯುತ್ತಿದ್ದೇವೆ. ಮಧ್ಯಾಹ್ನ ಮಾತ್ರ ಬರಬೇಡಿ. ನಡುನೆತ್ತಿಯ ಬಿಸಿಲಿನಲ್ಲಿ ಕಲ್ಲು ಬರೀ ಬೋಳಾಗಿ ಕಾಣುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ಏರಿಯ ಆ ತುದಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಮೇಲಿನ ಬರಹದ ಮೂರು ಸಾಲುಗಳೂ ಎದ್ದು ನಿಲ್ಲುತ್ತವೆ, ಮೊದಲ ಸಾಲಿನ ‘ಸ್ವಸ್ತಿ’ಯನ್ನು ನಮ್ಮೂರ ಐದನೆಯ ತರಗತಿಯ ಮಕ್ಕಳೂ ಈಗ ಬೆರಳಿಟ್ಟು ಓದುತ್ತಾರೆ. ಆ ಬೆಳಕು ಇರುವುದು ಸುಮಾರು ಇಪ್ಪತ್ತು ನಿಮಿಷ. ಹಿಂದಿನ ರಾತ್ರಿಯೇ ಬಂದರೆ ಉಳಿಯಲು ನಮ್ಮ ಮನೆಯಲ್ಲಿ ಜಾಗವಿದೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಮಂಡ್ಯ ಜಿಲ್ಲೆ